ಕೈಯಲ್ಲಿ ಕಾಸಿಲ್ಲದವರಿಗೆ ಗೋಪಿನಾಥಂನಲ್ಲಿ ಮನೆ ಕಟ್ಟಿಸಿಕೊಟ್ಟ ಡಿಸಿಎಫ್ ಶ್ರೀನಿವಾಸ್

ಹನೂರು: ಮಲೆ ಮಹದೇಶ್ವರ ಬೆಟ್ಟ ದಾಟಿ, ಪಾಲಾರ್ ಕಡೆ ಇಳಿದು ಕಾಡಿನ ದಾರಿ ಹಿಡಿದರೆ ಗೋಪಿನಾಥಂ ಸಿಗುತ್ತೆ. ಆಚೆ ಕಾವೇರಿ, ಅದರಾಚೆ ತಮಿಳುನಾಡು. ಹೊರಗಿನಿಂದ ಬಂದವರು ಈ ಊರಲ್ಲಿ ಮೊದಲು ಕೇಳೋದು ವೀರಪ್ಪನ್ ಮನೆ ಎಲ್ಲಿತ್ತು ಅಂತ. ಆದರೆ ಊರಿನ ಮಾರಿಯಮ್ಮನ ಗುಡಿಯಲ್ಲಿ ಜನ ಇಟ್ಟುಕೊಂಡು ಕೈಮುಗಿಯೋ ಫೋಟೋ ವೀರಪ್ಪನದಲ್ಲ. ಅವನನ್ನು ಹಿಡಿಯೋಕೆ ಬಂದಿದ್ದ ಅರಣ್ಯ ಅಧಿಕಾರಿ ಪಿ. ಶ್ರೀನಿವಾಸ್ ಅವರದು.

ಶ್ರೀನಿವಾಸ್ ನಮ್ಮ ಕಡೆಯವರಲ್ಲ. ಹುಟ್ಟಿದ್ದು 1954ರ ಸೆಪ್ಟೆಂಬರ್ 12ರಂದು, ಆಂಧ್ರದ ಗೋದಾವರಿ ತೀರದ ರಾಜಮಂಡ್ರಿಯಲ್ಲಿ. ಪೂರ್ತಿ ಹೆಸರು ಪಂದಿಳ್ಳಪಲ್ಲಿ ಶ್ರೀನಿವಾಸ್. 1979ರಲ್ಲಿ ಭಾರತೀಯ ಅರಣ್ಯ ಸೇವೆಗೆ ಆಯ್ಕೆಯಾಗಿ ಕರ್ನಾಟಕಕ್ಕೆ ಬಂದರು. ಮನೆಮಾತು ತೆಲುಗು, ಕೆಲಸ ಕನ್ನಡ ನಾಡಲ್ಲಿ, ಕೊನೆಗೆ ಬದುಕು ಕಟ್ಟಿಕೊಂಡಿದ್ದು ತಮಿಳು ಮಾತಾಡೋ ಜನರೇ ಹೆಚ್ಚಿರುವ ಗೋಪಿನಾಥಂನಲ್ಲಿ. ಆಗ ಚಾಮರಾಜನಗರ ಇನ್ನೂ ಮೈಸೂರು ಜಿಲ್ಲೆಗೇ ಸೇರಿತ್ತು. ಅಲ್ಲಿಗೆ ಉಪ ಅರಣ್ಯ ಸಂರಕ್ಷಣಾಧಿಕಾರಿಯಾಗಿ ಬಂದಾಗ ಅವರಿಗೆ ಮೂವತ್ತರ ಆಸುಪಾಸು.

1986ರಲ್ಲಿ ವೀರಪ್ಪನ್ ಒಮ್ಮೆ ಸಿಕ್ಕಿಬಿದ್ದಿದ್ದ. ಬೂದಿಪಡಗದ ಅರಣ್ಯ ವಸತಿಗೃಹದಲ್ಲಿ ಇಟ್ಟಿದ್ದಾಗ ತಪ್ಪಿಸಿಕೊಂಡ. ಆಮೇಲಿನ ಕಥೆ ಈ ತಾಲ್ಲೂಕಿನ ಪ್ರತಿ ಮನೆಗೂ ಗೊತ್ತು. 1990ರಲ್ಲಿ ಸರ್ಕಾರ ವಿಶೇಷ ಕಾರ್ಯಪಡೆ ಕಟ್ಟಿತು, ಬಂದೂಕು ಬಂತು, ಕ್ಯಾಂಪ್ ಬಂತು. ಶ್ರೀನಿವಾಸ್ ಹಿಡಿದ ದಾರಿ ಮಾತ್ರ ಬೇರೆ. ಕಾಡಿನಲ್ಲಿ ಅಡಗಿರುವ ಒಬ್ಬನನ್ನು ಹುಡುಕುವುದಕ್ಕಿಂತ, ಊರಿನಲ್ಲಿ ಇರುವ ಜನ ಅವನ ಹಿಂದೆ ಯಾಕೆ ಹೋಗ್ತಾರೆ ಅನ್ನೋದನ್ನು ಮೊದಲು ನೋಡಿದರು.

ಯಾಕೆ ಹೋಗ್ತಿದ್ರು ಅನ್ನೋದು ಅಂಗಡಿ ಇಟ್ಟಿರೋ ಯಾರಿಗಾದ್ರೂ ಬೇಗ ಅರ್ಥವಾಗುತ್ತೆ. ದುಡ್ಡಿಲ್ಲದವನಿಗೆ ಸಾಲ ಹುಟ್ಟಲ್ಲ. ಬ್ಯಾಂಕಿಗೆ ಹೋದರೆ ಪಹಣಿ ಕೇಳ್ತಾರೆ, ಮನೆ ಪತ್ರ ಕೇಳ್ತಾರೆ, ಜಾಮೀನಿಗೆ ಒಬ್ಬ ನೌಕರಿಯವನನ್ನು ಕರ್ಕೊಂಡು ಬಾ ಅಂತಾರೆ. ಕಾಡಂಚಿನ ಊರುಗಳಲ್ಲಿ ಈ ಮೂರೂ ಇರಲ್ಲ. ಅಪ್ಪನ ಕಾಲದಿಂದ ಉಳುತ್ತಿದ್ದರೂ ಸಾಗುವಳಿ ಚೀಟಿ ಇರಲ್ಲ. ಗುಡಿಸಲು ನಿಂತ ಜಾಗಕ್ಕೆ ಹಕ್ಕುಪತ್ರ ಇರಲ್ಲ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲಂತೂ ಕೇಂದ್ರದ ಒಪ್ಪಿಗೆ ಇಲ್ಲದೆ ರಾಜ್ಯ ಸರ್ಕಾರವೂ ಅರಣ್ಯದ ಜಾಗವನ್ನು ಬೇರೆ ಕೆಲಸಕ್ಕೆ ಬಿಟ್ಟುಕೊಡುವಂತಿಲ್ಲ. 1987ರಲ್ಲಿ ಸುತ್ತಲಿನ ಕಾಡು ಕಾವೇರಿ ವನ್ಯಜೀವಿ ಧಾಮವೂ ಆಯಿತು. ಅಲ್ಲಿಗೆ ಸೌದೆ, ಬಿದಿರು ಅಂತ ಒಳಗೆ ಹೋಗೋದಕ್ಕೂ ಭಯ.

ಇನ್ನೊಂದು ಮಾತು. ಆಗ ಗಂಧದ ಮರ ಯಾರ ಹೊಲದಲ್ಲೇ ಬೆಳೆದಿರಲಿ, ಅದು ಸರ್ಕಾರದ್ದು. ಇಲಾಖೆ ಕಡಿದು ಮಾರಿ ಬೋನಸ್ ಅಂತ ಪಾಲು ಕೊಡ್ತಿತ್ತು ಅಷ್ಟೇ. 2001ರಲ್ಲಿ ಕಾನೂನು ತಿದ್ದುಪಡಿ ಆಗುವವರೆಗೂ ಹಾಗೇ ಇತ್ತು. ಅಂದರೆ ಜಮೀನು ಇದ್ದವನಿಗೂ ತನ್ನ ಜಮೀನಿನ ಅತಿ ಬೆಲೆಬಾಳುವ ಮರ ತನ್ನದಲ್ಲ. ಅದನ್ನು ತೋರಿಸಿ ಸಾಲ ಎತ್ತೋ ಹಾಗಿಲ್ಲ, ಮಗಳ ಮದುವೆಗೆ ಮಾರೋ ಹಾಗಿಲ್ಲ.

ಇಂಥ ಜಾಗದಲ್ಲಿ ವೀರಪ್ಪನ್ ಕೂಲಿ ಕೊಡ್ತಿದ್ದ. ಗಂಧ ಕಡಿದು ಹೊತ್ತು ತಂದರೆ ಕೈಗೆ ಕಾಸು. ಪತ್ರ ಬೇಡ, ಜಾಮೀನು ಬೇಡ. ಬಡವನಿಗೆ ಅದು ಸುಲಭದ ದುಡ್ಡು ಅಂತ ಕಂಡರೂ ಅದಕ್ಕೆ ಬಡ್ಡಿ ಜೋರಾಗೇ ಇತ್ತು. ಒಂದು ಸಲ ಹೊತ್ತವನ ಮೇಲೆ ಕೇಸು, ಕೇಸು ಬಿದ್ದವನು ಊರಲ್ಲಿ ಮಲಗೋ ಹಾಗಿಲ್ಲ, ಮತ್ತೆ ಕಾಡೇ ಗತಿ.

ಶ್ರೀನಿವಾಸ್ ಗೋಪಿನಾಥಂನಲ್ಲೇ ಉಳಿದರು. ಬಂದು ಹೋಗೋ ಸಾಹೇಬರಾಗಿ ಅಲ್ಲ, ಊರಲ್ಲಿ ವಾಸ ಇರೋರಾಗಿ. ಜನಕ್ಕೆ ಕುಡಿಯೋ ನೀರು, ರಸ್ತೆ, ಔಷಧಾಲಯ ಮಾಡಿಸಿದರು. ಔಷಧಕ್ಕೆ, ಗುಡಿಗೆ ತಮ್ಮ ಸಂಬಳದ ದುಡ್ಡೂ ಹಾಕಿದರು. ಊರಿನವರ ಜೊತೆ ನಿಂತು ಮಾರಿಯಮ್ಮನ ಗುಡಿ ಕಟ್ಟಿಸಿದರು. ಎಲ್ಲಕ್ಕಿಂತ ಹೆಚ್ಚಾಗಿ, ಸರ್ಕಾರದ ವಸತಿ ಯೋಜನೆಯಡಿ ಬಡವರಿಗೆ 40ರಷ್ಟು ಮನೆ ಕಟ್ಟಿಸಿಕೊಟ್ಟರು.

ಈ ಮನೆಗಳ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಅರಣ್ಯ ಅಧಿಕಾರಿಯ ಕೆಲಸ ಅಂದ್ರೆ ಸಾಮಾನ್ಯವಾಗಿ ಒತ್ತುವರಿ ತೆರವು. ಗುಡಿಸಲು ಕೀಳಿಸೋದು, ಬೇಲಿ ಹಾಕಿಸೋದು. ಮನೆ ಕೊಡಿಸೋದು ಕಂದಾಯದವರ, ಬ್ಲಾಕ್ ಆಫೀಸಿನವರ ಕೆಲಸ. ಅವರು ಬೇರೆ ಇಲಾಖೆಯ ಫೈಲನ್ನು ತಮ್ಮ ತಲೆ ಮೇಲೆ ಹೊತ್ತರು. ಸರ್ಕಾರಿ ಮನೆ ಕಟ್ಟಿಸಿಕೊಂಡ ಯಾರನ್ನು ಕೇಳಿದ್ರೂ ಅದರ ಕಷ್ಟ ಹೇಳ್ತಾರೆ. ಮೊದಲು ಪಟ್ಟಿಯಲ್ಲಿ ಹೆಸರು ಬರಬೇಕು. ಜಾಗ ಹೆಸರಿಗೆ ಇರಬೇಕು. ಬಿಲ್ ಒಟ್ಟಿಗೆ ಬರಲ್ಲ, ತಳಪಾಯಕ್ಕೆ ಒಂದು ಕಂತು, ಗೋಡೆಗೆ ಒಂದು, ಚಾವಣಿಗೆ ಒಂದು. ತಳಪಾಯಕ್ಕೆ ಕಲ್ಲು ಮಣ್ಣು ತರಿಸೋ ಮೊದಲ ದುಡ್ಡು ಎಲ್ಲಿಂದ ತರೋದು? ಕೈಸಾಲ ಮಾಡಿದರೆ ಬಿಲ್ ಬರೋ ಹೊತ್ತಿಗೆ ಬಡ್ಡಿಗೇ ಸರಿಹೋಗುತ್ತೆ. ಅರ್ಧ ಗೋಡೆ ಎದ್ದು ಹಾಗೇ ನಿಂತ ಮನೆಗಳು ನಮ್ಮ ಹಳ್ಳಿಗಳಲ್ಲಿ ಇವತ್ತಿಗೂ ಕಾಣೋದು ಇದಕ್ಕೇ. ಇದರ ಮಧ್ಯೆ ಕಡತ ಹಿಡಿದು ಅಲೆಯೋಕೆ ಒಬ್ಬ ದೊಡ್ಡ ಅಧಿಕಾರಿಯೇ ನಿಂತರೆ ಬಡವನಿಗೆ ಅದಕ್ಕಿಂತ ದೊಡ್ಡ ಜಾಮೀನು ಬೇರೆ ಬೇಕಾ?

ಮನೆ ಅಂದ್ರೆ ಬರೀ ಮಲಗೋ ಜಾಗ ಅಲ್ಲ. ಕೈಯಲ್ಲಿ ಏನೂ ಇಲ್ಲದವನಿಗೆ ಅದೇ ಮೊದಲ ಆಸ್ತಿ. ಮನೆ ನಂಬರ್ ಬಿದ್ದರೆ ರೇಷನ್ ಕಾರ್ಡಿಗೆ ವಿಳಾಸ ಆಗುತ್ತೆ. ಮುಂದಿನ ಕೋಣೆಯಲ್ಲಿ ಬೀಡಿ, ಬೆಂಕಿಪೊಟ್ಟಣ, ಸೋಪು ಇಟ್ಟುಕೊಂಡು ಒಂದು ಪೆಟ್ಟಿಗೆ ಅಂಗಡಿ ಆಗುತ್ತೆ. ಹಿಂದೆ ಹಸು ಕಟ್ಟಬಹುದು. ಕಾಡಿಗೆ ಹೋದ ಗಂಡ ವಾಪಸ್ ಬರೋಕೆ ಒಂದು ಬಾಗಿಲು ಇರುತ್ತೆ. ಶ್ರೀನಿವಾಸ್ ಲೆಕ್ಕ ಇದ್ದದ್ದು ಇಲ್ಲೇ. ಗ್ಯಾಂಗಿನಲ್ಲಿದ್ದ ಕೆಲವರು ಬಂದು ಶರಣಾದರು ಕೂಡ. ಹಾಗೆ ಬಂದವರು ಬದುಕೋಕೆ ದಾರಿ ಮಾಡಿಕೊಟ್ಟರು.

ಎಲ್ಲರಿಗೂ ಇದು ಸರಿ ಅನ್ನಿಸಿರಲಿಲ್ಲ. ಬಂದೂಕು ಹಿಡಿದು ಕಾಡು ಜಾಲಾಡುತ್ತಿದ್ದವರಿಗೆ ಈ ಅಧಿಕಾರಿ ಅತಿಯಾಗಿ ನಂಬ್ತಾರೆ ಅನ್ನಿಸಿದ್ದರೆ ಅದರಲ್ಲಿ ತಪ್ಪು ಹುಡುಕೋಕಾಗಲ್ಲ. ಕೊನೆಗೆ ನಡೆದದ್ದನ್ನು ನೋಡಿದರೆ ಆ ಅನುಮಾನಕ್ಕೂ ಅರ್ಥ ಇತ್ತು.

ಶ್ರೀನಿವಾಸ್ ನಡೆಸುತ್ತಿದ್ದ ಔಷಧಾಲಯದಲ್ಲಿ ವೀರಪ್ಪನ್ ತಂಗಿ ಮಾರಿಯೂ ಕೆಲಸಕ್ಕಿದ್ದಳು. ಅವಳು ಆತ್ಮಹತ್ಯೆ ಮಾಡಿಕೊಂಡಳು. ಅದಕ್ಕೆ ಶ್ರೀನಿವಾಸ್ ಅವರೇ ಕಾರಣ ಅಂತ ವೀರಪ್ಪನ್ ಹಗೆ ಕಟ್ಟಿಕೊಂಡ. ಅದಾದ ಮೇಲೆ ಒಂದು ಸುದ್ದಿ ಬಂತು. ವೀರಪ್ಪನ್ ಶರಣಾಗ್ತಾನೆ, ಆದರೆ ಶ್ರೀನಿವಾಸ್ ಬಂದೂಕು ಇಲ್ಲದೆ, ಪೊಲೀಸರಿಲ್ಲದೆ ಬರಬೇಕು ಅಂತ. ಸುದ್ದಿ ತಂದವನು ವೀರಪ್ಪನ್ ತಮ್ಮ ಅರ್ಜುನನ್. ಇಷ್ಟು ದಿನ ಊರಿನವರನ್ನು ಬರೀ ಮಾತಿನ ಮೇಲೆ ನಂಬಿದವರು, ಆ ಮಾತನ್ನೂ ನಂಬಿದರು. 1991ರ ನವೆಂಬರ್ 10ರಂದು ಕಾಡಿನೊಳಗೆ ನಡೆದು ಹೋದರು. ಶರಣಾಗತಿ ಇರಲಿಲ್ಲ, ಹೊಂಚು ಇತ್ತು. ಗುಂಡಿಟ್ಟು ಕೊಂದರು. ತಲೆ ಕಡಿದು ಒಯ್ದರು. ಆ ತಲೆ ಇಲಾಖೆಯವರ ಕೈಗೆ ಸಿಕ್ಕಿದ್ದು ಸುಮಾರು ಮೂರು ವರ್ಷದ ಮೇಲೆ. ಸಾಯುವಾಗ ಶ್ರೀನಿವಾಸ್ ಅವರಿಗೆ 37 ವರ್ಷ.

ಸರ್ಕಾರ ಮರಣೋತ್ತರವಾಗಿ ಕೀರ್ತಿಚಕ್ರ ಕೊಟ್ಟಿತು. ಯುದ್ಧಭೂಮಿಯ ಹೊರಗೆ ತೋರಿದ ಶೌರ್ಯಕ್ಕೆ ಕೊಡುವ ದೇಶದ ಎರಡನೇ ದೊಡ್ಡ ಪದಕ ಅದು. ಆಮೇಲೆ ಈ ಭಾಗ ಇನ್ನೂ ಕೆಟ್ಟ ದಿನಗಳನ್ನು ಕಂಡಿತು. 1992ರಲ್ಲಿ ರಾಮಾಪುರ ಠಾಣೆ ಮೇಲೆ ದಾಳಿ, ಅದೇ ವರ್ಷ ಆಗಸ್ಟ್‌ನಲ್ಲಿ ಮಿಣ್ಯಂ ಬಳಿ ಎಸ್ಪಿ ಹರಿಕೃಷ್ಣ, ಎಸ್‌ಐ ಶಕೀಲ್ ಅಹಮದ್ ಹತ್ಯೆ, 1993ರ ಏಪ್ರಿಲ್‌ನಲ್ಲಿ ಪಾಲಾರ್ ಬಾಂಬು. ಕಾರ್ಯಾಚರಣೆ ಹೆಸರಲ್ಲಿ ಏನೂ ಮಾಡದ ಹಳ್ಳಿ ಜನವೂ ನರಳಿದರು. ವೀರಪ್ಪನ್ ಸತ್ತಿದ್ದು 2004ರ ಅಕ್ಟೋಬರ್ 18ರಂದು, ಧರ್ಮಪುರಿ ಜಿಲ್ಲೆಯ ಪಾಪ್ಪಾರಪಟ್ಟಿ ಹತ್ತಿರ.

ಈಗ ಗೋಪಿನಾಥಂಗೆ ಪ್ರವಾಸಿಗರು ಬರ್ತಾರೆ, ಜಂಗಲ್ ಲಾಡ್ಜಸ್‌ನವರ ಕ್ಯಾಂಪ್ ಇದೆ. ಜನ ಬರೋ ಕಡೆ ಜಾಗದ ಮಾತೂ ಬರುತ್ತೆ. ಕಡಿಮೆ ದುಡ್ಡಿಗೆ ಸೈಟು, ಮುಂಗಡ ಇಷ್ಟು ಕೊಡಿ, ಉಳಿದದ್ದು ಕಂತಿನಲ್ಲಿ ಅಂತ ಯಾರಾದ್ರೂ ಬಂದರೆ, ಅದು ಕಂದಾಯದ ಜಾಗವೋ ಅರಣ್ಯದ್ದೋ ಅಂತ ಸರ್ವೆ ನಂಬರ್ ಹಿಡಿದು ನೋಡದೆ ಕಾಸು ಬಿಚ್ಚಬಾರದು. ಕಾಡೊಳಗಿನ ಜಾಗಕ್ಕೆ ಅನುಭವದ ಹಕ್ಕು ಇದ್ದರೆ ಅದಕ್ಕೆ 2006ರ ಅರಣ್ಯ ಹಕ್ಕು ಕಾಯ್ದೆ ಇದೆ. ಗ್ರಾಮಸಭೆಯಲ್ಲಿ ಅರ್ಜಿ ಹಾಕಬೇಕು, ಬುಡಕಟ್ಟಿನವರಲ್ಲದಿದ್ದರೆ ಮೂರು ತಲೆಮಾರು, ಅಂದರೆ 75 ವರ್ಷದ ವಾಸಕ್ಕೆ ಸಾಕ್ಷಿ ತೋರಿಸಬೇಕು. ಹಕ್ಕು ಸಿಕ್ಕಿದರೂ ಆ ಜಾಗ ಮಾರೋ ಹಾಗಿಲ್ಲ, ಮಕ್ಕಳಿಗೆ ಮಾತ್ರ ಹೋಗುತ್ತೆ.

ಶ್ರೀನಿವಾಸ್ ಅವರ ಸ್ಮಾರಕ ಗೋಪಿನಾಥಂನಲ್ಲಿದೆ. ಅವರು ಓಡಾಡುತ್ತಿದ್ದ ಜೀಪನ್ನು ಇಲಾಖೆ ರಿಪೇರಿ ಮಾಡಿಸಿ ಉಳಿಸಿಕೊಂಡಿದೆ. ಅವರು ಇದ್ದ ಕಾಲದಲ್ಲಿ ಒಂದು ಮನೆ ಪತ್ರಕ್ಕೆ ಗೋಪಿನಾಥಂನವರು ಬೆಟ್ಟ ಹತ್ತಿಳಿದು ಕೊಳ್ಳೇಗಾಲದವರೆಗೆ ಹೋಗಬೇಕಿತ್ತು, ಜಿಲ್ಲಾ ಕಚೇರಿ ಕೆಲಸ ಅಂದ್ರೆ ಮೈಸೂರು. 1997ರಲ್ಲಿ ಚಾಮರಾಜನಗರ ಜಿಲ್ಲೆ ಆಯಿತು, 2018ರಲ್ಲಿ ಹನೂರು ತಾಲ್ಲೂಕು ಆಯಿತು. ಈಗ ಹನೂರಿಗೆ ಬಂದರೆ ತಾಲ್ಲೂಕು ಕಚೇರಿ ಸಿಗುತ್ತೆ.