ತಂತಿ ಹಾಕಿಸಿದ ವೈದ್ಯರು

ತಂತಿ ಬಂದಿದೆ ಎಂದರೆ ರಾಯದುರ್ಗ, ಮಡಕಶಿರಾ ಕಡೆಯ ಮನೆಗಳಲ್ಲಿ ಹಿರಿಯರ ಎದೆ ಝಲ್ಲೆನ್ನುತ್ತಿತ್ತು. ಓದಿಸುವ ಮೊದಲೇ ಅಳು ಏಳುತ್ತಿತ್ತು. 2013ರ ಜುಲೈನಲ್ಲಿ ನಿಂತುಹೋದ ಆ ಸೇವೆಯನ್ನು ನಮ್ಮ ದೇಶದಲ್ಲಿ ಕಟ್ಟಿದವರು ಒಬ್ಬ ವೈದ್ಯರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಅವರೇ ವಿಲಿಯಂ ಬ್ರೂಕ್ ಓಶಾನೆಸಿ.

ಅವರು 1809ರಲ್ಲಿ ಐರ್ಲೆಂಡಿನ ಲಿಮರಿಕ್‌ನಲ್ಲಿ ಜನಿಸಿದರು. ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರ ಓದಿದರು. ಇಂಗ್ಲೆಂಡಿನಲ್ಲಿ ಕಾಲರಾ ಹಬ್ಬಿದಾಗ ರೋಗಿಗಳ ರಕ್ತವನ್ನು ಪರೀಕ್ಷಿಸಿ, ಅದರಲ್ಲಿ ನೀರೂ ಲವಣವೂ ಕಡಮೆಯಾಗುವುದನ್ನು ತೋರಿಸಿದರು. ಇಂದು ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಏರಿಸುವ ಸಲೈನ್‌ಗೆ ಈ ಶೋಧನೆ ದಾರಿಯಾಯಿತು. ಆಗ ಅವರಿಗೆ ಇಪ್ಪತ್ತೆರಡರ ಪ್ರಾಯ!

1833ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯರಾಗಿ ಕಲ್ಕತ್ತೆಗೆ ಬಂದು, ಅಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದರು. 1839ರಲ್ಲಿ ಕಲ್ಕತ್ತೆಯ ಬಳಿ ತಂತಿ ಎಳೆದು ಸಂದೇಶ ಕಳಿಸುವ ಪ್ರಯೋಗ ಮಾಡಿದರು. ಅಧಿಕಾರಿಗಳು ಅದಕ್ಕೆ ಕಿವಿಗೊಡಲು ಹನ್ನೆರಡು ವರ್ಷ ಬೇಕಾಯಿತು. 1851ರಲ್ಲಿ ಡೈಮಂಡ್ ಹಾರ್ಬರಿಗೆ ಮಾರ್ಗ ಹಾಕಿದಾಗ ಅವರ ಬಲಗೈಯಾಗಿ ದುಡಿದವರು ಶಿವಚಂದ್ರ ನಂದಿ ಎಂಬ ಬಂಗಾಳಿ. 1854ರ ಮಾರ್ಚಿನಲ್ಲಿ ಆಗ್ರಾದ ಸಂದೇಶ ಕಲ್ಕತ್ತೆ ಮುಟ್ಟಿತು. ಮರುವರ್ಷ ಮುಂಬಯಿ, ಮದರಾಸುಗಳೂ ಸೇರಿದ ಜಾಲ ಸಾರ್ವಜನಿಕರಿಗೆ ತೆರೆಯಿತು. ದಕ್ಷಿಣದಲ್ಲಿ ಕೆಲವೆಡೆ ಕಲ್ಲುಕಂಬಗಳ ಮೇಲೆ ತಂತಿ ಓಡಿತು. 1856ರಲ್ಲಿ ಅವರಿಗೆ ಸರ್ ಪದವಿ ದೊರೆಯಿತು.

ಆದರೆ ಆ ತಂತಿ ಯಾರ ಸೊತ್ತಾಗಿತ್ತು? 1857ರಲ್ಲಿ ನಮ್ಮವರು ಬಂಡೆದ್ದಾಗ ಸುದ್ದಿಯನ್ನು ಆಳುವವರಿಗೆ ಬೇಗ ಮುಟ್ಟಿಸಿ ಅವರನ್ನು ಕಾಪಾಡಿದ್ದೂ ಅದೇ. ಜನಸಾಮಾನ್ಯರಿಗೆ ದರವೂ ನಿಲುಕುತ್ತಿರಲಿಲ್ಲ. ಹದಿನಾರು ಪದಗಳನ್ನು ನಾನೂರು ಮೈಲಿ ಕಳಿಸಲು ಒಂದು ರೂಪಾಯಿ. ದೂರ ಹೆಚ್ಚಿದಂತೆ ಹಣವೂ ಹೆಚ್ಚು.

ಈ ಮಾತಿಗೆ ಸಾಕ್ಷಿ ಅಂದಿನ ತಂತಿ ಸ್ಟಾಂಪುಗಳು. ಓಶಾನೆಸಿಯವರು 1860ರಲ್ಲಿ ಭಾರತ ಬಿಟ್ಟ ಮೇಲೆ, 1869ರಲ್ಲಿ ಹೊರಟ ಸಾಲಿನಲ್ಲಿ ಐವತ್ತು ರೂಪಾಯಿಯ ಸ್ಟಾಂಪೂ ಇತ್ತು! ಲಂಡನ್ನಿನ ಡಿ ಲಾ ರೂ ಕಂಪನಿ ಅಚ್ಚು ಹಾಕಿದ ಈ ಉದ್ದನೆಯ ಸ್ಟಾಂಪಿನಲ್ಲಿ ವಿಕ್ಟೋರಿಯಾ ರಾಣಿಯ ಮುಖ ಮೇಲೊಂದು, ಕೆಳಗೊಂದು. ಅದನ್ನು ಎರಡಾಗಿ ಕತ್ತರಿಸಿ, ಒಂದು ತುಂಡನ್ನು ಕಚೇರಿಯಲ್ಲಿ ಉಳಿಯುವ ಕಾಗದಕ್ಕೂ ಇನ್ನೊಂದನ್ನು ಕಳಿಸಿದವರ ರಸೀದಿಗೂ ಅಂಟಿಸುತ್ತಿದ್ದರು. ಆದ್ದರಿಂದ ಇಡಿಯಾಗಿ ಉಳಿದ ಹೆಚ್ಚಿನ ಬೆಲೆಯ ಸ್ಟಾಂಪು ಅಪರೂಪ. ಯಾವ ಬಣ್ಣ ಒಪ್ಪುವುದೆಂದು ನೋಡಲು ಮೊದಲು ತೆಗೆಯುತ್ತಿದ್ದ ಮಾದರಿ ಅಚ್ಚುಗಳನ್ನೂ ಸಂಗ್ರಾಹಕರು ಇಂದು ಹುಡುಕುತ್ತಾರೆ.

ಓಶಾನೆಸಿಯವರು 1889ರಲ್ಲಿ ಇಂಗ್ಲೆಂಡಿನಲ್ಲಿ ನಿಧನರಾದರು. ಸ್ಟಾಂಪಿನ ಮೇಲೆ ರಾಣಿಯ ಮುಖ ಉಳಿಯಿತು. ತಂತಿ ಎಳೆದವರ ಹೆಸರು ಮರೆಯಾಯಿತು. ಮುಂದೆ ದರ ಇಳಿದು, ಆಳುವವರ ತಂತಿ ನಮ್ಮ ಅಜ್ಜ ಅಜ್ಜಿಯರ ಮನೆಬಾಗಿಲಿಗೂ ಬಂತು. ಬೇರೆಯವರಿಗಾಗಿ ಹುಟ್ಟಿದ ವಿದ್ಯೆಯನ್ನೂ ಕಲಿತು ನಮ್ಮದಾಗಿಸಿಕೊಳ್ಳಬಹುದೆಂದು ಶಿವಚಂದ್ರ ನಂದಿಯವರು ಅಂದೇ ತೋರಿಸಿದ್ದರು. ಗುರುವಿನೊಡನೆ ಆ ಶಿಷ್ಯರನ್ನೂ ನಾವು ನೆನೆಯೋಣ.