ಪರಮಾಣುವಿಗೆ ದಿಕ್ಕು ಕಲಿಸಿದ ಆಲ್ಫ್ರೆಡ್ ಕಾಸ್ಟ್ಲರ್

ಕೂಡ್ಲಿಗಿ: ಪೂರ್ವಕ್ಕೆ ಸಂಡೂರಿನ ಅದಿರಿನ ಗುಡ್ಡಗಳು. ಪಶ್ಚಿಮಕ್ಕೆ ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಹಾದುಹೋಗುವ ಧಾರವಾಡ ಶಿಲಾಸಮೂಹದ ಪಟ್ಟಿ. ನಡುವೆ ಹಗರಿಬೊಮ್ಮನಹಳ್ಳಿ, ಕೊಟ್ಟೂರಿನ ಬಯಲು. ನೆಲದಡಿಯ ಶಿಲೆ ಬದಲಾದಂತೆ ಭೂಮಿಯ ಕಾಂತಕ್ಷೇತ್ರವೂ ತುಸು ಏರುಪೇರಾಗುತ್ತದೆ. ಈ ಭಾಗದಲ್ಲಿ ಸುಮಾರು 40,000 ನ್ಯಾನೋಟೆಸ್ಲಾ ಇರುವ ಕ್ಷೇತ್ರದಲ್ಲಿ ಒಂದೆರಡು ನ್ಯಾನೋಟೆಸ್ಲಾಗಳ ವ್ಯತ್ಯಾಸವನ್ನು ಗುರುತಿಸಿದರೂ ಭೂವಿಜ್ಞಾನಿಗೆ ಅದೊಂದು ಸುಳಿವು. ಅಷ್ಟು ಸೂಕ್ಷ್ಮವನ್ನು ಹಿಡಿಯುವ ಪರಮಾಣು ಮ್ಯಾಗ್ನೆಟೋಮೀಟರ್‌ಗಳಿಗೆ ಬುನಾದಿ ಹಾಕಿದವರು ಫ್ರಾನ್ಸ್‌ನ ಭೌತವಿಜ್ಞಾನಿ ಆಲ್ಫ್ರೆಡ್ ಕಾಸ್ಟ್ಲರ್.

ಕಾಸ್ಟ್ಲರ್ ಜನಿಸಿದ್ದು 1902ರ ಮೇ 3ರಂದು, ಅಲ್ಸೇಸ್ ಪ್ರಾಂತ್ಯದ ಗೆಬ್ವಿಲೆರ್ ಎಂಬ ಊರಿನಲ್ಲಿ. ಆಗ ಅದು ಜರ್ಮನ್ ಸಾಮ್ರಾಜ್ಯದ ಅಧೀನದಲ್ಲಿತ್ತು. ಮೊದಲ ಮಹಾಯುದ್ಧ ಮುಗಿದಾಗ ಅಲ್ಸೇಸ್ ಫ್ರಾನ್ಸ್‌ಗೆ ಮರಳಿತು. ಹದಿಹರೆಯದ ಹುಡುಗ ಮನೆ ಬಿಟ್ಟು ಕದಲದೆಯೇ ದೇಶ ಬದಲಿಸಿದ್ದ.

1921ರಲ್ಲಿ ಪ್ಯಾರಿಸ್‌ನ ಪ್ರತಿಷ್ಠಿತ ಎಕೋಲ್ ನಾರ್ಮಾಲ್ ಸುಪೀರಿಯರ್ ಸೇರಿದ ಅವರಿಗೆ ಪ್ರಾಧ್ಯಾಪಕ ಯೂಜೀನ್ ಬ್ಲಾಕ್ ಅವರಿಂದ ಪರಮಾಣು ಭೌತವಿಜ್ಞಾನದ ಪರಿಚಯವಾಯಿತು. ಬೆಳಕು ಶಕ್ತಿಯನ್ನಷ್ಟೇ ಅಲ್ಲ, ತಿರುಗುವ ಗುಣವನ್ನೂ (ಕೋನೀಯ ಸಂವೇಗ) ಪರಮಾಣುವಿಗೆ ದಾಟಿಸುತ್ತದೆ ಎಂಬ ವಿಚಾರ ಅವರ ಮನಸ್ಸಿನಲ್ಲಿ ಬೇರೂರಿತು. 1931ರಲ್ಲಿ ಕಲ್ಕತ್ತೆಯಲ್ಲಿ ಸಿ.ವಿ. ರಾಮನ್ ಮತ್ತು ಎಸ್. ಭಗವಂತಂ ಬೆಳಕಿನ ಕಣದ ಈ ಗುಣಕ್ಕೆ ಪ್ರಾಯೋಗಿಕ ಪುರಾವೆಯನ್ನು ಮುಂದಿಟ್ಟಿದ್ದರು. ರಾಮನ್ ಪರಿಣಾಮವನ್ನು ಕಾಸ್ಟ್ಲರ್ ಸ್ವತಃ ಬಳಸಿದ್ದುಂಟು. ನ್ಯಾಫ್ತಲೀನ್ ಹರಳಿನಲ್ಲಿ ಅಣುಗಳು ಯಾವ ದಿಕ್ಕಿಗಿವೆ ಎಂಬುದನ್ನು ರೂಸೆ ಅವರೊಂದಿಗೆ ಸೇರಿ ಅದರ ನೆರವಿನಿಂದಲೇ ಪರಿಶೀಲಿಸಿ, 1941ರಲ್ಲಿ ಪ್ರಬಂಧ ಪ್ರಕಟಿಸಿದರು.

ಮ್ಯುಲೂಸ್, ಕೋಲ್ಮಾರ್ ಮತ್ತು ಬೋರ್ಡೋ ಶಾಲೆಗಳಲ್ಲಿ ಪಾಠ ಹೇಳಿದ ಅವರು 1936ರಲ್ಲಿ ಡಾಕ್ಟರೇಟ್ ಪಡೆದರು. 1941ರಲ್ಲಿ ಜಾರ್ಜ್ ಬ್ರುಹಾ ಅವರ ಕರೆಯ ಮೇರೆಗೆ ಪ್ಯಾರಿಸ್‌ಗೆ ಮರಳಿದರು. ಆಗ ನಗರ ನಾಜಿಗಳ ವಶದಲ್ಲಿತ್ತು. 1944ರಲ್ಲಿ ಬಂಧಿತರಾದ ಬ್ರುಹಾ ಜರ್ಮನಿಯ ಯಾತನಾ ಶಿಬಿರದಲ್ಲಿ ಅಸುನೀಗಿದರು.

ಯುದ್ಧಾನಂತರ ಶಿಷ್ಯ ಜೀನ್ ಬ್ರೊಸೆಲ್ ಜತೆಗೂಡಿ ನಡೆಸಿದ ಕೆಲಸವೇ ಕಾಸ್ಟ್ಲರ್ ಅವರ ಹೆಸರನ್ನು ಉಳಿಸಿತು. ವೃತ್ತೀಯವಾಗಿ ಧ್ರುವೀಕರಿಸಿದ ಬೆಳಕನ್ನು ಪರಮಾಣುಗಳ ಮೇಲೆ ಹಾಯಿಸಿದರೆ, ಚದುರಿದ ಪರಮಾಣುಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡುವಂತೆ ಮಾಡಬಹುದು ಎಂದು 1950ರಲ್ಲಿ ಅವರು ಮಂಡಿಸಿದರು. 1952ರಲ್ಲಿ ಬ್ರೊಸೆಲ್ ಮತ್ತು ವಿಂಟರ್ ಜತೆ ಅದನ್ನು ಪ್ರಯೋಗದಲ್ಲಿ ತೋರಿಸಿದರು. ಇದೇ ಆಪ್ಟಿಕಲ್ ಪಂಪಿಂಗ್. ಹೀಗೆ ಸಾಲಾಗಿ ನಿಂತ ಪರಮಾಣುಗಳು ಕಾಂತಕ್ಷೇತ್ರದಲ್ಲಿ ಬುಗುರಿಯಂತೆ ತೂಗುತ್ತವೆ. ತೂಗುವ ವೇಗ ಕ್ಷೇತ್ರದ ಬಲವನ್ನು ಅವಲಂಬಿಸಿದೆ. ಸೀಸಿಯಂ ಪರಮಾಣುವಾದರೆ ಪ್ರತಿ ನ್ಯಾನೋಟೆಸ್ಲಾಗೆ ಸೆಕೆಂಡಿಗೆ ಸುಮಾರು 3.5 ಸುತ್ತು. ಸುತ್ತನ್ನು ಎಣಿಸಿದರೆ ಕ್ಷೇತ್ರ ತಿಳಿಯುತ್ತದೆ. 1957ರಲ್ಲಿ ಅಮೆರಿಕದಲ್ಲಿ ಡೆಮೆಲ್ಟ್ ಸೂಚಿಸಿದ, ಬೆಲ್ ಮತ್ತು ಬ್ಲೂಮ್ ತೋರಿಸಿಕೊಟ್ಟ ವಿಧಾನದಿಂದ ಮ್ಯಾಗ್ನೆಟೋಮೀಟರ್ ರೂಪುಗೊಂಡಿತು.

ಆದರೆ ಯಾವ ದಿಕ್ಕು ಉಪಕರಣಕ್ಕೆ ಜೀವ ನೀಡಿತೋ ಅದೇ ದಿಕ್ಕು ಅದಕ್ಕೆ ದೋಷವನ್ನೂ ತಂದಿತು. ಪರಮಾಣುವಿನ ಶಕ್ತಿಮಟ್ಟಗಳು ಏಣಿಯ ಮೆಟ್ಟಿಲುಗಳಂತೆ. ಮೆಟ್ಟಿಲುಗಳ ನಡುವಿನ ಅಂತರ ಮಾತ್ರ ಪೂರ್ತಿ ಸಮವಲ್ಲ. ಹೀಗಾಗಿ ಪ್ರತಿ ಮೆಟ್ಟಿಲಿನ ಕಂಪನವೂ ತುಸು ಬೇರೆ. ಭಜನೆಯಲ್ಲಿ ಹಲವು ಕಂಠಗಳು ಬೆರೆತು ಒಂದೇ ಸ್ವರವಾಗಿ ಕೇಳುವಂತೆ ಉಪಕರಣ ಅವನ್ನೆಲ್ಲ ಒಟ್ಟಾಗಿ ಕೇಳಿಸಿಕೊಳ್ಳುತ್ತದೆ. ಬೆಳಕಿಗೂ ಕಾಂತಕ್ಷೇತ್ರಕ್ಕೂ ನಡುವಿನ ಕೋನ ಬದಲಾದರೆ ಯಾವ ಕಂಠ ಜೋರಾಗಬೇಕೆಂಬುದೂ ಬದಲಾಗುತ್ತದೆ. ಕ್ಷೇತ್ರ ಇದ್ದಂತೆಯೇ ಇದ್ದರೂ ಓದು ಕೆಲವು ನ್ಯಾನೋಟೆಸ್ಲಾಗಳಷ್ಟು ಸರಿಯುತ್ತದೆ. ಹುಡುಕುತ್ತಿರುವ ಸುಳಿವೇ ಅಷ್ಟು ಚಿಕ್ಕದಾದಾಗ ಇದು ಸಣ್ಣ ತಪ್ಪಲ್ಲ.

ಸಮೀಕ್ಷಾ ವಿಮಾನ ಹಾರುವುದು ಹೊಲದಲ್ಲಿ ಕೂರಿಗೆ ಹೊಡೆದಂತೆ. ಹೋಗುವ ಸಾಲೊಂದು, ತಿರುಗಿ ಬರುವ ಸಾಲೊಂದು. ದಿಕ್ಕಿನ ದೋಷ ತಿದ್ದದಿದ್ದರೆ ನಕ್ಷೆಯಲ್ಲಿ ಸಾಲು ಬಿಟ್ಟು ಸಾಲಿಗೆ ಪಟ್ಟೆಗಳು ಮೂಡಿ, ಇಲ್ಲದ ಶಿಲಾರಚನೆ ಇದ್ದಂತೆ ತೋರಬಹುದು. ಆದ್ದರಿಂದಲೇ ಎತ್ತರದಲ್ಲಿ ನಾಲ್ಕೂ ದಿಕ್ಕಿಗೆ ವಿಮಾನವನ್ನು ಹಾರಿಸಿ, ಅದರ ವಾಲಾಟವನ್ನೂ ದಾಖಲಿಸಿ, ತಿದ್ದುಪಡಿ ಲೆಕ್ಕ ಹಾಕುವ ಪದ್ಧತಿ ಬಂತು.

ದೋಷದ ಇನ್ನೊಂದು ಮೂಲ ಪತ್ತೆಯಾದದ್ದು ಕಾಸ್ಟ್ಲರ್ ಪ್ರಯೋಗಾಲಯದಲ್ಲೇ. ಪರಮಾಣುವನ್ನು ಸಾಲಿಗೆ ನಿಲ್ಲಿಸುವ ಬೆಳಕು ಅದರ ಶಕ್ತಿಮಟ್ಟವನ್ನೇ ತುಸು ಸರಿಸುತ್ತದೆ ಎಂಬುದನ್ನು 1961ರ ವೇಳೆಗೆ ಶಿಷ್ಯ ಕ್ಲೋಡ್ ಕೊಹೆನ್-ತನೂಜಿ ಮತ್ತು ಬರಾ ತೋರಿಸಿದರು. ಭೌತವಿಜ್ಞಾನದಲ್ಲಿ ಪ್ರಸಿದ್ಧವಾದ ಲ್ಯಾಂಬ್ ಶಿಫ್ಟ್‌ನ ಹೆಸರನ್ನು ತಿರುಚಿ, ಕಾಸ್ಟ್ಲರ್ ಇದಕ್ಕೆ ಲ್ಯಾಂಪ್ ಶಿಫ್ಟ್ ಎಂದು ತಮಾಷೆಯ ಹೆಸರಿಟ್ಟರು. ತಮ್ಮ ವಿಧಾನದ ಕೊರತೆ ತಮ್ಮ ಮನೆಯಲ್ಲೇ ಬಯಲಾದಾಗ ಅದನ್ನು ಮುಚ್ಚಿಡಲಿಲ್ಲ.

1966ರಲ್ಲಿ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಅವರೊಬ್ಬರಿಗೇ ಬಂತು. ಬ್ರೊಸೆಲ್‌ಗೂ ಅದರಲ್ಲಿ ಪಾಲು ಸಲ್ಲಬೇಕಿತ್ತೆಂಬ ಕೊರಗು ಅವರಿಗಿತ್ತು. ಅಣ್ವಸ್ತ್ರಗಳ ವಿರುದ್ಧ, ಶಾಂತಿಯ ಪರ ಅವರು ದನಿಯೆತ್ತಿದರು. ಫ್ರೆಂಚ್ ಪ್ರಜೆಯಾಗಿದ್ದೂ ಬಾಲ್ಯದ ಜರ್ಮನ್ ಭಾಷೆಯಲ್ಲಿ ಕವಿತೆ ಬರೆದು, 1971ರಲ್ಲಿ ಸಂಕಲನ ಹೊರತಂದರು. ಎರಡು ಮಹಾಯುದ್ಧಗಳಲ್ಲಿ ಎದುರಾಳಿಗಳಾಗಿದ್ದ ಎರಡು ನಾಡುಗಳ ನಡುವೆ ಅವರು ಯೂರೋಪನ್ನೇ ತಾಯ್ನಾಡೆಂದು ಕರೆದುಕೊಂಡರು.

1984ರ ಜನವರಿ 7ರಂದು ದಕ್ಷಿಣ ಫ್ರಾನ್ಸ್‌ನ ಬಂದೋಲ್‌ನಲ್ಲಿ ಕಾಸ್ಟ್ಲರ್ ನಿಧನರಾದರು. 1994ರಲ್ಲಿ ಅವರ ಪ್ರಯೋಗಾಲಯಕ್ಕೆ ಕಾಸ್ಟ್ಲರ್-ಬ್ರೊಸೆಲ್ ಹೆಸರಿಡಲಾಯಿತು. ನೊಬೆಲ್ ಕೂಡಿಸದ ಗುರುಶಿಷ್ಯರನ್ನು ಆ ನಾಮಫಲಕ ಕೂಡಿಸಿತು. ಕೊಹೆನ್-ತನೂಜಿ ಅವರಿಗೆ 1997ರಲ್ಲಿ ನೊಬೆಲ್ ಸಂದಿತು.

2013ರ ನವೆಂಬರ್‌ನಲ್ಲಿ ಭೂಮಿಯ ಕಾಂತಕ್ಷೇತ್ರವನ್ನು ಅಳೆಯಲು ಯೂರೋಪಿನ ಸ್ವಾರ್ಮ್ ಉಪಗ್ರಹಗಳು ಕಕ್ಷೆ ಸೇರಿದವು. ಅವುಗಳಲ್ಲಿದ್ದ ಹೀಲಿಯಂ ಮ್ಯಾಗ್ನೆಟೋಮೀಟರ್ ತಯಾರಾದದ್ದು ಫ್ರಾನ್ಸ್‌ನಲ್ಲಿ. ಉಪಗ್ರಹ ಎತ್ತ ತಿರುಗಿದರೂ ಓದು ಬದಲಾಗದಂತೆ, ಬೆಳಕಿನ ಧ್ರುವೀಕರಣದ ದಿಕ್ಕನ್ನೇ ತಿರುಗಿಸಿಕೊಳ್ಳುವ ವ್ಯವಸ್ಥೆ ಅದರಲ್ಲಿದೆ. ಪರಮಾಣುವಿಗೆ ಕಾಸ್ಟ್ಲರ್ ದಿಕ್ಕು ಕಲಿಸಿದರು. ಆ ದಿಕ್ಕಿನ ಹಂಗಿನಿಂದ ಅಳತೆಯನ್ನು ಬಿಡಿಸುವ ಕೆಲಸವನ್ನು ಮುಂದಿನ ತಲೆಮಾರು ಕೈಗೆತ್ತಿಕೊಂಡಿತು.