ಎಲಿ ವಿಟ್ನಿ: ಹತ್ತಿ ಮತ್ತು ಬಂದೂಕು

ಇಂಟರ್‌ಚೇಂಜಬಲ್ ಪಾರ್ಟ್ಸ್ ಅಂದ ಕೂಡಲೇ ನಮಗೆ ನೆನಪಾಗುವ ಹೆಸರು ಎಲಿ ವಿಟ್ನಿ. ಆದರೆ ಅವನ ಕಥೆ ಶುರುವಾಗೋದು ಹತ್ತಿಯಿಂದ.

1765ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ರೈತನ ಮಗನಾಗಿ ಹುಟ್ಟಿದ ವಿಟ್ನಿ, 1792ರಲ್ಲಿ ಯೇಲ್ ಮುಗಿಸಿ ದಕ್ಷಿಣದ ಜಾರ್ಜಿಯಾಕ್ಕೆ ಹೋದ. ಅಲ್ಲಿ ಒಂದು ಪೌಂಡ್ ಹತ್ತಿಯ ಬೀಜ ಬಿಡಿಸೋಕೆ ಒಬ್ಬ ಗುಲಾಮನಿಗೆ ಇಡೀ ದಿನ ಬೇಕಾಗ್ತಿತ್ತು. ವಿಟ್ನಿ ಒಂದು ಉರುಳೆಗೆ ತಂತಿಯ ಹಲ್ಲು ಕೂರಿಸಿದ. ಹಲ್ಲು ಎಳೆಯನ್ನು ಕಿರಿದಾದ ಸಂದಿಯಿಂದ ಎಳೀತಿತ್ತು, ಬೀಜ ಆಚೆಗೇ ಉಳೀತಿತ್ತು. ಇಷ್ಟೇ ಮೆಕ್ಯಾನಿಸಂ! ದಿನಕ್ಕೆ 50 ಪೌಂಡ್ ಸಲೀಸಾಯ್ತು. 1794ರಲ್ಲಿ ಪೇಟೆಂಟೂ ಸಿಕ್ಕಿತು. ಆದರೆ ಬೀಜ ಬಿಡಿಸಿದ್ದಕ್ಕೆ ಐದರಲ್ಲಿ ಎರಡು ಪಾಲು ಕೇಳಿದಾಗ ಬೆಳೆಗಾರರು ಯಂತ್ರವನ್ನೇ ನಕಲು ಮಾಡ್ಕೊಂಡರು. ವಿಟ್ನಿ ಕೋರ್ಟು ಅಲೆದ.

ಗುಲಾಮರ ಕಷ್ಟ ಕಡಿಮೆಯಾಗಿರಬೇಕು ಅಂತ ನಾವು ಅಂದ್ಕೊಂಡಿದ್ವಿ. ಆಗಿದ್ದು ಉಲ್ಟಾ. ಹತ್ತಿಯಲ್ಲಿ ಲಾಭ ಕಂಡು ಹೊಲಗಳು ಬೆಳೆದವು, ಬಿತ್ತೋಕೆ, ಬಿಡಿಸೋಕೆ ಇನ್ನಷ್ಟು ಕೈ ಬೇಕಾಯ್ತು. 1790ರಲ್ಲಿ ಸುಮಾರು 7 ಲಕ್ಷ ಇದ್ದ ಗುಲಾಮರು 1820ಕ್ಕೆ 15 ಲಕ್ಷ ದಾಟಿದರು. ಅದೇ ವರ್ಷ ಮಿಸೌರಿಯಲ್ಲಿ ಗುಲಾಮಗಿರಿ ಇರಬೇಕೋ ಬೇಡವೋ ಅಂತ ಉತ್ತರ, ದಕ್ಷಿಣ ಕಿತ್ತಾಡಿ ಹೇಗೋ ರಾಜಿಯಾದವು.

ಹತ್ತಿಯಲ್ಲಿ ಕೈ ಸುಟ್ಟುಕೊಂಡ ವಿಟ್ನಿ 1798ರಲ್ಲೇ ಬಂದೂಕಿಗೆ ಇಳಿದಿದ್ದ. ಸರ್ಕಾರಕ್ಕೆ ಎರಡು ವರ್ಷದಲ್ಲಿ 10,000 ಕೊಡ್ತೀನಿ ಅಂದವನು ಹತ್ತು ವರ್ಷ ತಗೊಂಡ (ನಮ್ಮ ಪ್ರಾಜೆಕ್ಟುಗಳೇ ವಾಸಿ). 1801ರಲ್ಲಿ ಬಿಡಿಭಾಗ ಅದಲುಬದಲು ಮಾಡಿ ತೋರಿಸಿ ದೊಡ್ಡವರನ್ನು ಒಪ್ಪಿಸಿದ್ದೇನೋ ನಿಜ. ಆದರೆ ಉಳಿದಿರುವ ಅವನ ಬಂದೂಕುಗಳ ಭಾಗಗಳು ಒಂದರದ್ದು ಇನ್ನೊಂದಕ್ಕೆ ಸರಿಯಾಗಿ ಕೂರೋದಿಲ್ಲ! 1812ರಲ್ಲಿ ಬ್ರಿಟನ್ ಜೊತೆ ಯುದ್ಧ ಬಂದಾಗ ಇನ್ನೂ 15,000ದ ಆರ್ಡರ್ ಸಿಕ್ಕಿತು.

1825ರಲ್ಲಿ ವಿಟ್ನಿ ತೀರಿಕೊಂಡ. ಕಾರ್ಖಾನೆ ಮುಂದೆ ಮಗನ ಕೈಗೆ ಬಂತು. 1861ರಲ್ಲಿ ಉತ್ತರ, ದಕ್ಷಿಣ ಯುದ್ಧಕ್ಕೇ ಇಳಿದಾಗ ಅಲ್ಲಿ ಉತ್ತರದ ಪಡೆಗಳಿಗೆ ಬಂದೂಕು ತಯಾರಾಗ್ತಿತ್ತು.